ಒಂದು ಚಮಚ ಹೆಪ್ಪು

ಸಂತೆಯಲ್ಲಿ ಕೂತು ತನ್ನ ಮೊಸರನ್ನು ತಾನೇ ಮಾರಬೇಕೆಂದು ಹೊಸ ಕುಡಿಕೆಗೆ ಬಹಳ ದಿನದ ಆಸೆ. ಅಂದು ಅವಳ ಹೊಟ್ಟೆ ತುಂಬ ಕಾಸಿದ ಹಾಲಿತ್ತು, ಹೆಪ್ಪು ಮಾತ್ರ ಇರಲಿಲ್ಲ. ಪಕ್ಕದ ಜಗಲಿಯ ಹಳೆಯ ಗಡಿಗೆಯಲ್ಲಿ ಗಟ್ಟಿ ಮೊಸರಿತ್ತು. ಆದರೆ ಅವಳೂ ಮೊಸರು ಮಾರುವವಳು, ತನಗೇಕೆ ಕೊಟ್ಟಾಳು ಎಂದುಕೊಂಡು ಕುಡಿಕೆ ಆಸೆಗಣ್ಣಿನಿಂದ ನೋಡುತ್ತಲೇ ಕೂತಳು. ಹಾಲು ಆರುತ್ತ ಬಂತು.

"ಏನೇ, ಅಷ್ಟಗಲ ಬಾಯಿ ಇಟ್ಟುಕೊಂಡು ಕೇಳೋಕೆ ಬರಲ್ವಾ?" ಎಂದಳು ಗಡಿಗೆ. "ಹಾಲು ಪೂರ್ತಿ ತಣ್ಣಗಾದರೆ ಹೆಪ್ಪು ಹಿಡಿಯೋದಿಲ್ಲ."

"ಅಕ್ಕಾ, ಒಂದು ಚಮಚ ಹೆಪ್ಪು ಕೊಡ್ತೀರಾ?" ಎಂದು ಕೇಳಿದಳು ಕುಡಿಕೆ. "ಆದರೆ ನಾಳೆ ನಾನೂ ಸಂತೆಗೆ ಬರ್ತೀನಿ. ನಿಮ್ಮ ಗಿರಾಕಿಗಳು ನನ್ನ ಹತ್ತಿರ ಬಂದುಬಿಟ್ಟರೆ?"

"ಬರಲಿ. ನೀರು ಬೆರೆಸಿದೆಯೋ, ಮೊದಲು ಬೈಯುವವಳು ನಾನೇ." ಗಡಿಗೆ ಬಾಗಿ ಹೆಪ್ಪು ಹಾಕಿದಳು.

"ನಿಮಗೆ ನಷ್ಟ ಅಲ್ವಾ ಅಕ್ಕಾ?"

"ಒಂಟಿ ಗಡಿಗೆಯ ಮುಂದೆ ಯಾರೂ ನಿಲ್ಲೋದಿಲ್ಲ ಕಣೇ. ನಾಲ್ಕು ಜನ ಸಾಲಾಗಿ ಕೂತರೆ ಊರವರು ಅದನ್ನು ಮೊಸರುಪೇಟೆ ಅಂತಾರೆ."

ಬಾಗಿದ್ದ ಗಡಿಗೆ ಮತ್ತೆ ನೆಟ್ಟಗೆ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು: "ಪ್ರತಿ ಸಂತೆಯಲ್ಲೂ ನನ್ನ ಪಕ್ಕದ ಜಾಗವನ್ನು ಗುಡಿಸಿ ಇಡ್ತೀನಿ. ಇವತ್ತಿನವರೆಗೆ ಯಾರೂ ಬಂದು ಕೂತಿಲ್ಲ."