ದೀಪಕ್ಕೆ ಮೈ ಕೊಡದ ಹಲಗೆ

ಮೋನಪ್ಪಾಚಾರಿ ಜನಪದ ಕಥೆಗಳ ಪುಸ್ತಕದಲ್ಲಿ ಅಚ್ಚೊತ್ತಲೆಂದು ಮರದಲ್ಲಿ ಚಿತ್ರ ಕೆತ್ತುತ್ತಿದ್ದ. ಅವನ ಕೈಯಲ್ಲಿದ್ದ ಹಾಲೆಮರದ ಹಲಗೆಗೆ ಎಲ್ಲವನ್ನೂ ತಿಳಿಯುವ ಆಸೆ. "ಉಳಿಯಣ್ಣಾ, ನನ್ನ ಮೇಲೆ ಯಾವ ಕಥೆ ಬರುತ್ತಿದೆ?" ಎಂದು ಕೇಳಿತು.

"ರಾಕ್ಷಸನ ಗುಹೆಗೆ ಹೋಗಿ ತಮ್ಮನನ್ನು ಬಿಡಿಸಿ ತಂದ ಹುಡುಗಿಯ ಕಥೆ," ಎಂದಿತು ಉಳಿ. "ನಾನು ಕೊರೆದಲ್ಲಿ ಮಸಿ ಹತ್ತದೆ ಬೆಳಕು, ಬಿಟ್ಟಲ್ಲಿ ಮಸಿ ಹತ್ತಿ ಕತ್ತಲೆ. ರಾಕ್ಷಸನ ಕಣ್ಣು ಮುಗಿಯಿತು. ಇನ್ನು ಹುಡುಗಿಯ ಕೈಯಲ್ಲಿ ದೀಪ ಮೂಡಬೇಕು."

ಹಲಗೆಗೆ ಗಾಬರಿಯಾಯಿತು. "ಕಣ್ಣಿಗೇ ಇಷ್ಟು ಮೈ ಕಳೆದುಕೊಂಡೆ. ಇನ್ನು ಚೂರೂ ಕೊಡಲಾರೆ!" ಎಂದು ಬಿಗಿದು ಕುಳಿತಿತು. ಉಳಿ ಜಾರಿತು. ಮೋನಪ್ಪಾಚಾರಿ ಹುಬ್ಬು ಗಂಟಿಕ್ಕಿ, "ಇಲ್ಲಿಯವರೆಗೆ ಹೇಗೆ ಬಂದಿದೆಯೋ ನೋಡೋಣ," ಎಂದು ಹಲಗೆಗೆ ಮಸಿ ಸವರಿ ಕಾಗದ ಒತ್ತಿದ.

ಕಾಗದ ಎತ್ತಿದೊಡನೆ ಹಲಗೆ ಇಣುಕಿ ನೋಡಿತು. ಕಪ್ಪಿನ ನಡುವೆ ಎರಡು ಕಣ್ಣು ಮಾತ್ರ ಉರಿಯುತ್ತಿದ್ದವು.

"ಹುಡುಗಿ ಎಲ್ಲಿ?"

"ಅಲ್ಲೇ ಇದ್ದಾಳೆ, ನೀನು ಬಿಟ್ಟುಕೊಡದ ಕತ್ತಲೆಯಲ್ಲಿ," ಎಂದಿತು ಉಳಿ. "ರಾಕ್ಷಸನಿಗೆ ಅವಳು ಕಾಣುತ್ತಾಳೆ. ಅವಳಿಗೆ ಮಾತ್ರ ಏನೂ ಕಾಣದು."

ಹಲಗೆ ಕಾಗದದ ಮೇಲಿನ ಆ ಕಣ್ಣುಗಳನ್ನು ಮತ್ತೊಮ್ಮೆ ನೋಡಿತು. ಆಮೇಲೆ ಮೈ ಸಡಿಲಿಸಿ, "ಕೊರೆ," ಎಂದಿತು.

ದೀಪ ಮೂಡಿತು. ಅದರ ಬೆಳಕಿನಲ್ಲಿ ಹುಡುಗಿಯ ಮುಖ ಕಂಡಿತು, ಮೂಲೆಯಲ್ಲಿ ಮುದುಡಿ ಕುಳಿತಿದ್ದ ತಮ್ಮನೂ ಕಂಡ. ಮೋನಪ್ಪಾಚಾರಿ ಸಮಾಧಾನದಿಂದ ಉಳಿಯನ್ನು ಕೆಳಗಿಡಹೊರಟ.

"ತಾಳು ಉಳಿಯಣ್ಣಾ," ಎಂದಿತು ಹಲಗೆ. "ಅವರಿಬ್ಬರೂ ಹೊರಗೆ ಬರುವ ದಾರಿ ಎಲ್ಲಿ? ಅದನ್ನೂ ಕೊರೆದುಬಿಡು."