ಮೇನ್ ಸ್ವಿಚ್ಚಿನ ಕೀಲಿ

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ಅಡುಗೆಮನೆಯ ಹಳೆಯ ವೈರಿಂಗ್ ಬದಲಿಸುವ ಕೆಲಸ ನಡೆದಿತ್ತು. ಕೆಲಸಕ್ಕೆ ಬಂದವರು ಇಬ್ಬರೇ. ಎಲೆಕ್ಟ್ರಿಷಿಯನ್ನರ ಸಂಘದ ಹಿರಿಯ ಕೊಟ್ರಪ್ಪ ಮೇಸ್ತ್ರಿ, ಮತ್ತು ಸಂಘವೇ ಸಂಬಳ ಕೊಟ್ಟು ಕಲಿಯಲೆಂದು ಅವರ ಕೈಕೆಳಗೆ ಬಿಟ್ಟಿದ್ದ ದಾಕ್ಷಾಯಿಣಿ.

ಅವಳ ಮೊದಲ ವರ್ಷ ಮುಗಿಯಲು ಎರಡೇ ದಿನ ಉಳಿದಿತ್ತು. ‘ಇವಳು ಒಬ್ಬಳೇ ಕೆಲಸ ಮಾಡಬಲ್ಲಳು’ ಎಂದು ಮೇಸ್ತ್ರಿ ಸಂಘದ ಪುಸ್ತಕದಲ್ಲಿ ಸಹಿ ಹಾಕಿದರೆ ಎರಡನೆಯ ವರ್ಷ. ಹಾಕದಿದ್ದರೆ ಮನೆ.

ಬೆಳಗಿನ ಉಪ್ಪಿಟ್ಟನ್ನು ಅವಳು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದಳು.

“ಮೇಸ್ತ್ರಿ, ಈ ಹೆದರಿಕೆ ಯಾವಾಗ ಹೋಗುತ್ತೆ?”

“ಯಾವುದರ ಹೆದರಿಕೆ?”

“ಕರೆಂಟಿಂದು.”

ಮೇಸ್ತ್ರಿ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿಕೊಂಡರು. “ಹೋಗಿ ಮೇನ್ ಆಫ್ ಮಾಡಿ ಬಾ.”

ಮೇನ್ ಸ್ವಿಚ್ ಇದ್ದದ್ದು ಹೊಳೆಯ ಹತ್ತಿರದ ಪಂಪಿನ ಶೆಡ್ಡಿನಲ್ಲಿ. ಅವಳು ಆಫ್ ಮಾಡಿದಳು. ತನ್ನ ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡಳು. ತಂತಿ ಮುಟ್ಟುವವರೇ ಬೀಗ ಹಾಕಬೇಕು, ಕೀಲಿ ಅವರ ಜೇಬಿನಲ್ಲೇ ಇರಬೇಕು. ಸಂಘದಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಅದು.

ಬಂದು ಬೋರ್ಡ್ ಬಿಚ್ಚಿದಳು. ಟೆಸ್ಟರ್ ಇಟ್ಟಳು. ದೀಪ ಹತ್ತಲಿಲ್ಲ.

ಅರ್ಧ ಕೆಲಸ ಆಗುವಷ್ಟರಲ್ಲಿ ಮೇಸ್ತ್ರಿ ಎದ್ದು ಕೈ ಚಾಚಿದರು.

“ಬಿಸಿಲು ಏರ್ತಾ ಇದೆ ಮಗಳೇ. ನನ್ನ ಮೊಣಕಾಲಿಗೆ ಆ ಶೆಡ್ಡು ದೂರ. ಈಗಲೇ ಹೊರಟಿರ್ತೀನಿ. ನೀನು ಮುಗಿಸಿ ಕೂಗು, ಮೇನ್ ಹಾಕ್ತೀನಿ. ಕೀಲಿ ಕೊಡು.”

“ನಾನೇ ಹೋಗ್ತೀನಿ ಬಿಡಿ ಮೇಸ್ತ್ರಿ...”

“ಯಾಕೆ? ನಲವತ್ತು ವರ್ಷ ಕೆಲಸ ಮಾಡಿದವನ ಮೇಲೆ ನಂಬಿಕೆ ಇಲ್ವಾ?”

ಒಲೆಯ ಮುಂದಿದ್ದ ಅಡುಗೆಯ ಶಿವಲಿಂಗಮ್ಮ ಸೌಟು ಹಿಡಿದೇ ನಕ್ಕಳು. “ಒಂದು ವರ್ಷ ಕಲಿತದ್ದಕ್ಕೇ ಗುರುಗಳ ಮೇಲೆ ಅನುಮಾನ! ಎರಡನೇ ವರ್ಷಕ್ಕೆ ನಿಮ್ಮನ್ನೇ ಮನೆಗೆ ಕಳಿಸ್ತಾಳೆ ನೋಡಿ.”

ದಾಕ್ಷಾಯಿಣಿಯ ಕಿವಿ ಬಿಸಿಯಾಯಿತು. ಕೀಲಿ ಕೊಟ್ಟಳು.

ಮೇಸ್ತ್ರಿಯ ಚಪ್ಪಲಿಯ ಸದ್ದು ಬಾಗಿಲು ದಾಟಿತು. ಆಮೇಲೆ ಕೇಳಿಸಲಿಲ್ಲ.

ಅವಳ ಎರಡು ಬೆರಳು ಬರಿಯ ತಾಮ್ರದ ಮೇಲಿದ್ದವು.

ಈಗ ಹುಣಸೆಮರ ದಾಟಿರುತ್ತಾರೆ. ಈಗ ಶೆಡ್ಡಿನ ಬಾಗಿಲು. ಕೂಗುವವರೆಗೆ ಹಾಕುವುದಿಲ್ಲ, ಹೇಳಿದ್ದಾರಲ್ಲ. ಆದರೆ ನಿನ್ನೆ ಹಣೆಯ ಮೇಲಿದ್ದ ಕನ್ನಡಕವನ್ನು ಆಶ್ರಮವೆಲ್ಲ ಹುಡುಕಿದವರು ಇವರೇ. ಮರೆತು ಹಾಕಿಬಿಟ್ಟರೆ? ಹೊಳೆಯ ಕಡೆ ಯಾರೋ ಯಾರನ್ನೋ ಕೂಗಿದರೆ?

ತಿರುಪು ತಿರುಗಲೊಲ್ಲದು. ಬೆರಳು ಬೆವರುತ್ತಿತ್ತು. ಕೂಗಿ ನಿಲ್ಲಿಸೋಣವೆಂದರೆ, ಏನೆಂದು ಕೂಗುವುದು? ಗುರುಗಳೇ, ನಿಮ್ಮನ್ನು ನಂಬಲಾರೆ ಎಂದೇ?

ಇನ್ನು ತಾಳಲಾಗಲಿಲ್ಲ. ಕೈ ಕಿತ್ತುಕೊಂಡು ಹೊರಗೆ ಓಡಿದಳು.

“ಹಾಕಬೇಡಿ! ಮೇಸ್ತ್ರಿ, ಹಾಕಬೇಡಿ!”

ಮೇಸ್ತ್ರಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಅಂಗೈಯಲ್ಲಿ ಕೀಲಿ.

“ಯಾಕೆ ಕೊಟ್ಟೆ?”

“ನೀವು... ಕೇಳಿದ್ರಿ.”

“ಕೇಳಿದೆ.”

“ಕೊಡದಿದ್ರೆ ನಿಮಗೆ ಬೇಜಾರಾಗ್ತಿತ್ತು.”

“ಆಗ್ತಿತ್ತು. ಸಂಜೆ ಹೊತ್ತಿಗೆ ಸರಿಹೋಗ್ತಿತ್ತು.”

ಅವಳು ತಲೆ ತಗ್ಗಿಸಿದಳು.

“ನಿನ್ನ ಹೆದರಿಕೆ ಕರೆಂಟಿಂದಲ್ಲ ತಾಯಿ. ಕರೆಂಟಿಗೆ ಹೆದರಿದ್ದರೆ ಇದು ನನ್ನ ಕೈಗೆ ಬರ್ತಿರಲಿಲ್ಲ.”

ಕೀಲಿಯನ್ನು ಅವಳ ಕೈಗಿಟ್ಟು, ಪಕ್ಕದಲ್ಲಿದ್ದ ಸಂಘದ ಪುಸ್ತಕವನ್ನು ಚೀಲಕ್ಕೆ ಹಾಕಿದರು. ಸಹಿ ಮಾಡಿರಲಿಲ್ಲ.

“ಹಾಗಾದ್ರೆ ನಾನು ಮನೆಗೇನಾ ಮೇಸ್ತ್ರಿ?”

“ನಾಳೆ ಒಂದು ದಿನ ಇದೆಯಲ್ಲ. ನಾಳೇನೂ ಕೀಲಿ ಕೇಳ್ತೀನಿ. ಇವತ್ತಿಗಿಂತ ಪ್ರೀತಿಯಿಂದ ಕೇಳ್ತೀನಿ.”