ದ್ಯಾವಪ್ಪಜ್ಜನ ಹೆಸರು

ಶಿಷ್ಯ ಕೇಳಿದ: "ಗುರುಗಳೇ, ವಿದ್ಯೆ ಕಲಿಸಿದವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳಲೇಬೇಕೆ? ಹೇಳಿದರೆ ಇರುವ ಜಾಗವೂ ಹೋಗುತ್ತದೆ ಎನ್ನುವಂತಿದ್ದರೆ, ಮನಸ್ಸಿನಲ್ಲೇ ಕೃತಜ್ಞನಾಗಿದ್ದರೆ ಸಾಲದೆ?"

ಯಾರ ಹೆಸರು, ಯಾವ ಜಾಗ ಎಂದು ಗುರುಗಳು ಕೇಳಲಿಲ್ಲ. "ಕೂತುಕೋ," ಎಂದು ಹೇಳಿ ಕತೆ ಶುರುಮಾಡಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಒಬ್ಬ ಲಾರಿ ಚಾಲಕನಿದ್ದ. ಹೆಸರು ಫಕೀರಪ್ಪ. ಇಪ್ಪತ್ತು ವರ್ಷ ಲಾರಿ ಓಡಿಸಿದವನು ಒಂದು ಅಪಘಾತದಲ್ಲಿ ಬಲಗೈ ಕಳೆದುಕೊಂಡ. ಮೊಣಕೈಯಿಂದ ನಾಲ್ಕು ಬೆರಳಗಲ ಕೆಳಗೆ ಕೈ ತುಂಡಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದವನು ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟ. ನೋಡಲು ಬಂದವರು ಅಯ್ಯೋ ಅನ್ನುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಎದ್ದು ಹೋಗುತ್ತಿದ್ದರು. ಕೆಲವು ತಿಂಗಳಾದ ಮೇಲೆ ಅವರೂ ಬರುವುದು ಬಿಟ್ಟರು. ಹೆಂಡತಿ ಕಸ್ತೂರೆವ್ವ ಅನ್ನ ಕಲಸಿ ಕೊಡುತ್ತಿದ್ದಳು. ಆ ತುತ್ತು ನುಂಗುವಾಗ ಅವನಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅವನ ಫೋನಿನಲ್ಲಿ ಗಾಳ ಹಾಕಿ ಮೀನು ಹಿಡಿಯುವವರ ಒಂದು ವಾಟ್ಸಾಪ್ ಗುಂಪಿತ್ತು. ಲಾರಿ ಓಡಿಸುತ್ತಿದ್ದಾಗ ಯಾರೋ ಸೇರಿಸಿದ್ದು. ಆರುನೂರು ಜನ. ಹತ್ತಾರು ಊರಿನವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೀನಿನ ಫೋಟೊ ಹಾಕುವುದು, ಯಾವ ಮಡುವಿಗೆ ಯಾವ ಎರೆ ಎಂದು ವಾದ ಮಾಡುವುದು ಅಲ್ಲಿಯ ಕೆಲಸ. ಗುಂಪು ಕಟ್ಟಿದವನು ಜಿಲ್ಲಾಕೇಂದ್ರದ ಒಬ್ಬ ವ್ಯಾಪಾರಿ. ಗಾಳದ ಕೋಲು, ರೀಲು, ದಾರ ಮಾರುವ ಅಂಗಡಿಯವನು. ಎಲ್ಲರೂ ಅವನನ್ನು ಸಾಹುಕಾರ್ರು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಫಕೀರಪ್ಪ ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಕೇಳಿದ: "ಒಂದು ಕೈ ಇಲ್ಲದವನು ಗಾಳ ಹಾಕಲು ಆಗುತ್ತದೆಯೇ?"

ಇಬ್ಬರು ನಗುವ ಗೊಂಬೆ ಹಾಕಿದರು. ಒಬ್ಬ ಕೈಮುಗಿಯುವ ಗೊಂಬೆ ಹಾಕಿದ. ಆಮೇಲೆ ಒಂದು ಧ್ವನಿ ಸಂದೇಶ ಬಂತು. ಮುದುಕನ ದನಿ, ಹಿಂದೆ ಕೋಳಿ ಕೂಗುವ ಸದ್ದು.

"ಯಾವ ಕೈ ಉಳದೈತಿ ತಮ್ಮಾ?"

ಹೋದ ಕೈಯ ಬಗ್ಗೆ ಎಲ್ಲರೂ ಕೇಳಿದ್ದರು. ಉಳಿದದ್ದರ ಬಗ್ಗೆ ಕೇಳಿದವನು ಇವನೊಬ್ಬನೇ. ಫಕೀರಪ್ಪ ಎದ್ದು ಕೂತ. ಎಡಗೈ ಎಂದು ಬರೆದ.

"ಹಂಗಾರ ಎಡಗೈಲೆ ಶುರು ಮಾಡು."

ಆ ಮುದುಕನ ಹೆಸರು ದ್ಯಾವಪ್ಪ. ಜಾತಿಯಿಂದ ಅಂಬಿಗ. ನಲವತ್ತು ವರ್ಷ ಹೊಳೆ ದಾಟಿಸಿದವನು. ಸೇತುವೆ ಬಂದ ಮೇಲೆ ದೋಣಿಯನ್ನು ದಂಡೆಯಲ್ಲಿ ಬೋರಲು ಹಾಕಿದ್ದ. ಓದು ಬರಹ ಬಾರದು. ಅದಕ್ಕೇ ಯಾವಾಗಲೂ ಮಾತಿನಲ್ಲೇ ಉತ್ತರ. ಗುಂಪಿನಲ್ಲಿ ಯಾರು ಏನು ಕೇಳಿದರೂ ಮೊದಲು ಬರುವ ದನಿ ಅವನದೇ. ನೀರು ಕೆಂಪಾದರೆ ಏನು ಮಾಡಬೇಕು, ಗೆಂಡೆ ಮೀನು ಎರೆಯನ್ನು ಮೂಸಿ ಬಿಟ್ಟರೆ ಏನು ಮಾಡಬೇಕು, ಎಲ್ಲವನ್ನೂ ಹೇಳುತ್ತಿದ್ದ. ಅಲ್ಲಿದ್ದ ಆರುನೂರು ಜನರಲ್ಲಿ ಅವನಿಂದ ಒಂದಾದರೂ ಮಾತು ಕಲಿಯದವರು ಇರಲಿಲ್ಲ.

ಫಕೀರಪ್ಪನಿಗೆ ಅವನು ದಿನಾ ಬೆಳಿಗ್ಗೆ ಕಲಿಸಿದ. ಹಲಗೆಗೆ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಮೊಳೆ ಹೊಡೆದು ಕೂರಿಸು, ಹಲಗೆಯನ್ನು ಕಾಲಲ್ಲಿ ಒತ್ತು, ಗಾಳದ ಕೊಕ್ಕೆಯನ್ನು ಕ್ಲಿಪ್ಪಿಗೆ ಕಚ್ಚಿಸು, ಎರೆಹುಳ ಪೋಣಿಸು. ಗಂಟು ಹಾಕಬೇಕಾದರೆ ಗಾಳದ ಮೊನೆಯನ್ನು ಹಳೆಯ ಚಪ್ಪಲಿಯ ಅಟ್ಟೆಗೆ ಚುಚ್ಚು, ದಾರದ ಒಂದು ತುದಿ ಕೈಯಲ್ಲಿ, ಇನ್ನೊಂದು ಹಲ್ಲಲ್ಲಿ. ಹೇಳುವ ಮೊದಲು ಮುದುಕ ತನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲವನ್ನೂ ಮಾಡಿ ನೋಡುತ್ತಿದ್ದನಂತೆ. ಇದನ್ನು ಅವನು ಹೇಳಿರಲಿಲ್ಲ. ಒಂದು ಸಂದೇಶದಲ್ಲಿ ಮೊಮ್ಮಗಳು ಹಿಂದಿನಿಂದ, "ಅಜ್ಜಾ, ಕೈ ಬಿಚ್ಲೇನು?" ಎಂದು ಕೇಳಿದ್ದು ಫಕೀರಪ್ಪನ ಕಿವಿಗೆ ಬಿತ್ತು. ಆ ಸಂದೇಶವನ್ನು ಅವನು ಮತ್ತೆ ಮತ್ತೆ ಕೇಳಿದ.

ಮೀನು ಕಚ್ಚಿದಾಗ ಕೋಲು ಹಿಡಿಯುವುದು, ರೀಲು ಸುತ್ತುವುದು, ಎರಡೂ ಒಂದೇ ಕೈಗೆ ಆಗುತ್ತಿರಲಿಲ್ಲ. ಗುಂಪಿನಲ್ಲಿ ಮೆಹರುನ್ನಿಸಾ ಎಂಬ ದರ್ಜಿ ಹೆಂಗಸಿದ್ದಳು. ಕೆರೆದಂಡೆಯ ಊರಿನವಳು, ತಾನೂ ಗಾಳ ಹಾಕುವವಳು. ಅವಳು ಫಕೀರಪ್ಪನ ಸೊಂಟದ ಅಳತೆ ಕೇಳಿ ತರಿಸಿಕೊಂಡಳು. ದಪ್ಪ ಟಾರ್ಪಾಲಿನಲ್ಲಿ ಒಂದು ಪಟ್ಟಿ ಹೊಲಿದಳು. ಅದರ ಮುಂದೆ ಕೋಲಿನ ಬುಡ ಕೂರುವಂಥ ಗಟ್ಟಿ ಚೀಲ. ಬಸ್ಸಿನಲ್ಲಿ ಕಳಿಸಿಕೊಟ್ಟಳು. ಕೋಲಿನ ಬುಡ ಪಟ್ಟಿಯಲ್ಲಿ, ನಡು ಮೊಂಡುಗೈ ಮೇಲೆ, ಎಡಗೈ ರೀಲಿನ ಮೇಲೆ. ಮೂರನೇ ವಾರ ಫಕೀರಪ್ಪ ಅಂಗೈಯಗಲದ ಒಂದು ಗೆಂಡೆ ಹಿಡಿದ. ಫೋಟೊ ಹಾಕಿದಾಗ ಆರುನೂರು ಜನರ ಗುಂಪು ಜಾತ್ರೆಯಂತಾಯಿತು. ಆ ರಾತ್ರಿಯ ಊಟವನ್ನು ಅವನು ತಾನೇ ಕಲಸಿಕೊಂಡು ಉಂಡ.

ಎರಡು ವರ್ಷ ಹೀಗೆ ನಡೆಯಿತು. ಫಕೀರಪ್ಪ ಹೆಸರು ಮಾಡಿದ. ಗುಂಪಿಗೆ ಹೊಸಬರು ಬಂದರೆ ಅವನ ಫೋಟೊ ತೋರಿಸುತ್ತಿದ್ದರು. ಸಾಹುಕಾರನೂ ಅವನಿಗೆ ಒಂದು ಒಳ್ಳೆಯ ಕೋಲು ಕಳಿಸಿಕೊಟ್ಟ.

ಮೂರನೆಯ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಸಾಹುಕಾರ ಒಂದು ಸ್ಪರ್ಧೆ ಸಾರಿದ. ಹೊಳೆಗೆ ಹೊಸ ನೀರು ಬಂದ ವಾರವೇ ಸ್ಪರ್ಧೆ. ದೊಡ್ಡ ಮೀನುಗಳು ಸಿಗುವುದು ಆಗಲೇ. ಗುಂಪಿನಲ್ಲಿ ಎಲ್ಲರೂ ಹೋ ಎಂದರು. ಆಗ ದ್ಯಾವಪ್ಪಜ್ಜನ ದನಿ ಬಂತು.

"ಈಗ ಬ್ಯಾಡ್ರಿ. ಹೊಸ ನೀರಿಗೆ ಮೀನು ಹೊಟ್ಟಿ ತುಂಬ ತತ್ತಿ ಹೊತ್ತು ಮ್ಯಾಲಕ್ಕ ಏರತಾವು. ಬಸರಿ ಮೀನಿಗೆ ಗಾಳ ಹಾಕೂದು ಸರಿ ಅಲ್ಲ. ಎರಡು ತಿಂಗಳ ತಡೀರಿ, ನಾನೂ ಬರತೀನಿ."

ಸಾಹುಕಾರ ಸ್ಪರ್ಧೆಯ ದಿನ ಬದಲಿಸುವುದಿಲ್ಲ ಎಂದು ಬರೆದ. ಮುದುಕ ಮತ್ತೆ ಅದೇ ಮಾತು ಹೇಳಿದ. ಮರುದಿನವೂ ಹೇಳಿದ. ಸಂಜೆ ಹೊತ್ತಿಗೆ ಗುಂಪಿನಲ್ಲಿ ಒಂದು ಸಾಲು ಕಾಣಿಸಿತು: ದ್ಯಾವಪ್ಪ ಅವರನ್ನು ತೆಗೆದುಹಾಕಲಾಗಿದೆ.

ಆಮೇಲೆ ಒಬ್ಬ ರೀಲಿಗೆ ಎಣ್ಣೆ ಯಾವುದು ಹಾಕಬೇಕು ಎಂದು ಕೇಳಿದ. ಇನ್ನೊಬ್ಬ ಉತ್ತರ ಕೊಟ್ಟ. ಮಾತು ಮುಂದೆ ಸಾಗಿತು.

ಫಕೀರಪ್ಪ ನಾಲ್ಕು ಸಲ ಏನೋ ಬರೆದ, ನಾಲ್ಕು ಸಲವೂ ಅಳಿಸಿದ. ಈ ಗುಂಪೂ ಹೋದರೆ ಮತ್ತೆ ಆ ಗೋಡೆಯೇ ಗತಿ ಎಂಬ ಭಯ ಅವನಿಗೆ. ಅವನು ಒಂಬತ್ತು ದಿನ ಸುಮ್ಮನಿದ್ದ. ಹತ್ತನೆಯ ದಿನ ಸಾಹುಕಾರ ಫೋನು ಮಾಡಿ, ಸ್ಪರ್ಧೆಯ ಮೊದಲ ಗಾಳ ನೀನೇ ಹಾಕಬೇಕು, ನಿನ್ನ ಫೋಟೊ ಬ್ಯಾನರಿಗೆ ಹಾಕಿಸಿದ್ದೇನೆ ಎಂದ. ಫಕೀರಪ್ಪ ಹೂಂ ಎಂದ.

ಒಲೆಯ ಮುಂದೆ ಕೂತಿದ್ದ ಕಸ್ತೂರೆವ್ವ ಕೇಳಿದಳು: "ಯಾಕ್ರಿ, ಅಜ್ಜಾರ ದನಿ ಕೇಳವಲ್ದು ಇತ್ತೀಚಿಗೆ?"

"ಗುಂಪಿನಿಂದ ತಗದ್ರು."

"ನೀವೇನಂದ್ರಿ?"

ಫಕೀರಪ್ಪ ಫೋನನ್ನು ಬೋರಲು ಹಾಕಿದ. ಅವಳು ರೊಟ್ಟಿ ಬಡಿಯುತ್ತಾ ಕೂತಳು. ಅವನಿಗೆ ಆ ಸದ್ದು ಸಹಿಸಲಾಗಲಿಲ್ಲ.

ಸ್ಪರ್ಧೆಯ ದಿನ ಹೊಳೆದಂಡೆಯಲ್ಲಿ ಶಾಮಿಯಾನ ಹಾಕಿದ್ದರು. ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಬ್ಯಾನರಿನಲ್ಲಿ ಫಕೀರಪ್ಪನ ಆಳೆತ್ತರದ ಚಿತ್ರ, ಕೆಳಗೆ 'ಒಂಟಿಗೈ ವೀರ' ಎಂದು ಬರೆದಿತ್ತು. ಎರಡು ವರ್ಷ ಬರೀ ಹೆಸರಾಗಿದ್ದವರೆಲ್ಲ ಎದುರು ಬಂದು ಹೆಗಲ ಮೇಲೆ ಕೈ ಹಾಕಿದರು. ಮೆಹರುನ್ನಿಸಾ ಬಂದಳು. ತಾನು ಹೊಲಿದ ಪಟ್ಟಿಯನ್ನು ಅವನ ಸೊಂಟದಲ್ಲಿ ಕಂಡು, "ಅಣ್ಣಾರ, ಈ ಹೊಲಿಗಿ ಸ್ವಲ್ಪ ಬಿಟ್ಟೈತಲ್ಲ," ಎಂದು ಬೆರಳಿಟ್ಟು ನೋಡಿದಳು. ಇವರನ್ನೆಲ್ಲ ಬಿಟ್ಟು ಬದುಕುವುದು ಹೇಗೆ ಎಂದು ಅವನು ಕೊನೆಯ ಸಲ ಯೋಚಿಸಿದ್ದು ಆಗಲೇ.

ಸಾಹುಕಾರ ಮೈಕು ಹಿಡಿದು ಮಾತಾಡಿದ. ಮೂಲೆಗೆ ಬಿದ್ದಿದ್ದ ಮನುಷ್ಯನನ್ನು ನಮ್ಮ ಅಂಗಡಿಯ ಕೋಲು ಎಬ್ಬಿಸಿ ನಿಲ್ಲಿಸಿತು ಎಂದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎರಡು ಮಾತು ಹೇಳು ಎಂದು ಮೈಕನ್ನು ಫಕೀರಪ್ಪನ ಎಡಗೈಗೆ ಕೊಟ್ಟ.

"ನನ್ನ ಎಬ್ಬಿಸಿದ್ದು ಕೋಲಲ್ಲ," ಎಂದ ಫಕೀರಪ್ಪ. "ದ್ಯಾವಪ್ಪಜ್ಜ. ನಾ ಹಾಕೋ ಗಂಟು ಅವರದು. ನಾ ಪೋಣಿಸೋ ಎರಿ ಅವರದು. ಅವರು ಬ್ಯಾಡ ಅಂದ ದಿನ ನಾ ಗಾಳ ಹಾಕಂಗಿಲ್ಲ."

ಸಾಹುಕಾರ ಮೈಕಿನ ತಂತಿ ಎಳೆಸಿದ. ಮುಖ ಕೆಂಪಾಗಿತ್ತು. ಆದರೂ ದನಿ ತಗ್ಗಿಸಿಯೇ ಕೇಳಿದ: "ಈ ಗುಂಪು ಕಟ್ಟಿದವನು ನಾನು. ಕೋಲು ಕೊಟ್ಟವನು ನಾನು. ನನ್ನ ಋಣ ಇಲ್ಲವೇನು ನಿನಗೆ?"

"ಐತ್ರಿ ಸಾಹುಕಾರ್ರ. ನಿಮ್ಮ ಹೆಸರೂ ಹೇಳತೀನಿ, ಸಾಯೋತನಕ ಹೇಳತೀನಿ. ಆದ್ರ ಅವರ ಹೆಸರು ಅಳಿಸಿ ಆ ಜಾಗಕ್ಕ ನಿಮ್ಮ ಹೆಸರು ಬರಿ ಅಂದ್ರ, ನನ್ನಿಂದ ಆಗಂಗಿಲ್ಲ."

ಕೋಲನ್ನು ಸಾಹುಕಾರನ ಕಾಲ ಬಳಿ ನೆಟ್ಟಗೆ ಇಟ್ಟ. ಪಟ್ಟಿ ಮಾತ್ರ ಸೊಂಟದಲ್ಲೇ ಇತ್ತು. ಜನರ ಕಡೆ ತಿರುಗಿದ. ಇಪ್ಪತ್ತು ವರ್ಷ ಲಾರಿ ಎಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿದ ಗಂಟಲು ಅದು, ಮೈಕು ಬೇಕಿರಲಿಲ್ಲ. "ದ್ಯಾವಪ್ಪ ಅಂಬಿಗ!" ಎಂದು ಕೂಗಿದ. "ನಿಮಗೆ ಮೀನು ಹಿಡಿಯೂದು ಕಲಿಸಿದವನ ಹೆಸರು ದ್ಯಾವಪ್ಪ ಅಂಬಿಗ! ಒಬ್ಬರಾದ್ರೂ ಹೇಳ್ರಲಾ!"

ಜನ ತಲೆ ತಗ್ಗಿಸಿದರು. ಕೆಲವರು ಫೋನು ನೋಡಿದರು. ಮೆಹರುನ್ನಿಸಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಫಕೀರಪ್ಪ ಸ್ವಲ್ಪ ಹೊತ್ತು ಕಾದ. ಆಮೇಲೆ ಶಾಮಿಯಾನ ದಾಟಿ ನಡೆದ. ಅವನ ಹಿಂದೆ ಬೇರೊಬ್ಬನ ಕೈಯಿಂದ ಮೊದಲ ಗಾಳ ನೀರಿಗೆ ಬಿತ್ತು. ಆ ದಿನ ಹಿಡಿದ ಅತಿ ದೊಡ್ಡ ಮೀನನ್ನು ಸೀಳಿದಾಗ ಒಳಗೆ ಎರಡು ಬೊಗಸೆ ಮೊಟ್ಟೆ ಇದ್ದವಂತೆ.

ಬಸ್ ನಿಲ್ದಾಣ ಮುಟ್ಟುವ ಮೊದಲೇ ಗುಂಪಿನಿಂದ ಅವನನ್ನು ತೆಗೆದಿದ್ದರು. ಅವನು ತನ್ನ ಊರಿನ ಬಸ್ಸು ಹತ್ತಲಿಲ್ಲ. ದ್ಯಾವಪ್ಪಜ್ಜನ ಊರನ್ನು ಕೇಳಿಕೊಂಡು ಹೋದ. ಅಜ್ಜ ಬೋರಲು ಹಾಕಿದ ದೋಣಿಯ ಮೇಲೆ ಕೂತಿದ್ದ. ಇವನ ತೋಳು ನೋಡಿಯೇ ಯಾರೆಂದು ತಿಳಿದ. ನಡೆದದ್ದನ್ನೆಲ್ಲ ಕೇಳಿ ಬೈದ.

"ಯಾರು ಹೇಳಿದ್ರು ನಿನಗ? ನಾ ಏನರ ನನ್ನ ಹೆಸರು ಹೇಳು ಅಂದಿದ್ನ್ಯಾ? ಆರುನೂರು ಮಂದಿ ಗೆಳ್ಯಾರ್ನ ಕಳಕೊಂಡು ಬಂದೀಯಲ್ಲೋ!"

"ಕಳಕೊಂಡೆ ಅಜ್ಜಾರ."

"ಸಂಕಟ ಆಗೈತೇನು?"

"ಆಗೈತ್ರಿ. ಆದ್ರ ಅಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತಿದ್ನಲ್ಲ, ಆ ಸಂಕಟ ಇದಕ್ಕಿಂತ ದೊಡ್ಡದಿತ್ತು."

ಮುದುಕ ಮುಖ ಅತ್ತ ತಿರುಗಿಸಿದ. ಆಮೇಲೆ ಅವನ ಎಡಗೈ ಹಿಡಿದು ಊಟಕ್ಕೆ ಎಬ್ಬಿಸಿದ.

ಮರುದಿನ ಮೆಹರುನ್ನಿಸಾ ಗುಂಪಿನಲ್ಲಿ ಬರೆದಳು: ನನಗೂ ಗಾಳ ಹಾಕಲು ಕಲಿಸಿದವರು ದ್ಯಾವಪ್ಪಜ್ಜನೇ. ಅವಳನ್ನು ತೆಗೆದರು. ಅದರ ಮರುದಿನ ಒಬ್ಬ ಶಾಲೆಯ ಜವಾನ ಅದೇ ಮಾತು ಬರೆದ, ಅವನನ್ನೂ ತೆಗೆದರು. ವಾರ ಮುಗಿಯುವಷ್ಟರಲ್ಲಿ ಹನ್ನೊಂದು ಜನ ಹೊರಗೆ ಬಿದ್ದಿದ್ದರು. ಅಲ್ಲಿಗೆ ನಿಂತಿತು. ಸಾಹುಕಾರನ ಗುಂಪಿಗೆ ಏನೂ ಆಗಲಿಲ್ಲ. ಹೊಸಬರು ಸೇರಿ ಅದು ಒಂಬತ್ತುನೂರಕ್ಕೆ ಏರಿತು. ಈಗಲೂ ಚೆನ್ನಾಗಿ ನಡೆಯುತ್ತಿದೆ.

ಎರಡು ತಿಂಗಳು ಕಳೆದು ಹೊಳೆ ತಿಳಿಯಾದಾಗ ಆ ಹನ್ನೊಂದು ಜನ ಅಜ್ಜನ ಊರಿಗೆ ಹೋದರು. ಫಕೀರಪ್ಪನೂ ಹೋದ, ಬಿದಿರಿನ ಕೋಲು ಹಿಡಿದು. ಸಂಜೆಯವರೆಗೆ ಕೂತರೂ ಹೆಚ್ಚಿಗೆ ಮೀನು ಸಿಗಲಿಲ್ಲ. ಅಜ್ಜ ಒಬ್ಬೊಬ್ಬರ ಹಿಂದೆ ನಿಂತು, ಅವರು ಕೋಲು ಹಿಡಿದ ರೀತಿಗೆ ಬೈಯುತ್ತಾ ಸುತ್ತಾಡಿದ. ಅಷ್ಟು ಸಂತೋಷದಿಂದ ಬೈಸಿಕೊಂಡವರನ್ನು ಆ ಊರಿನವರು ಕಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಬಾಯಿ ತೆರೆಯದೆ ಉಳಿದರಲ್ಲ ಗುರುಗಳೇ, ಅಷ್ಟೂ ಜನ ಕೃತಘ್ನರೇ?"

"ಛೆ, ಅವರೆಲ್ಲರೂ ಮನಸ್ಸಿನಲ್ಲಿ ಕೃತಜ್ಞರಾಗಿಯೇ ಇದ್ದರು," ಎಂದರು ಗುರುಗಳು.